ಹುಲ್ಲುಗಾವಲಿಗೆ ಸಸಿ ಬೇಡ, ಕಾಲುದಾರಿ ಉಳಿಯಲಿ

ಮಾನ್ಯ ಸಂಪಾದಕರೇ,

ಕಳೆದ ಮುಂಗಾರಿನ ಆರಂಭದಲ್ಲಿ ನಮ್ಮೂರಿನ ಪಕ್ಕದ ಗೋಮಾಳಕ್ಕೆ ಒಂದು ಸಂಘದವರು ಟ್ರ್ಯಾಕ್ಟರಿನಲ್ಲಿ ಸಸಿಗಳನ್ನು ತುಂಬಿಕೊಂಡು ಬಂದು, ಒಂದೇ ದಿನದಲ್ಲಿ ಹುಲ್ಲಿನ ನಡುವೆ ಸಾಲಾಗಿ ಗುಂಡಿ ತೋಡಿ, ಸಸಿ ನೆಟ್ಟು, ಸುತ್ತ ಮುಳ್ಳುತಂತಿ ಎಳೆದು ಹೋದರು. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಆ ತಂತಿಬೇಲಿ ಕುರಿ ಹಟ್ಟಿಯಿಂದ ಕುಂಟೆಗೆ ಹೋಗುತ್ತಿದ್ದ ಹಳೆಯ ಕಾಲುದಾರಿಯನ್ನು ಎರಡು ಕಡೆ ಕಡಿದುಹಾಕಿದೆ; ಅಗೆದ ನೆಲದಲ್ಲಿ ಈ ವರ್ಷ ಹಂಚಿ ಹುಲ್ಲಿನ ಬದಲು ಪಾರ್ಥೇನಿಯಂ ಎದ್ದಿದೆ; ನೆಟ್ಟ ಸಸಿಗಳಲ್ಲಿ ಬಹುಪಾಲು ಬೇಸಿಗೆಯಲ್ಲಿ ಒಣಗಿದವು. ಮಧುಗಿರಿ ತಾಲ್ಲೂಕಿನಲ್ಲಿ, ಅದರಲ್ಲೂ ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಿತ ಪ್ರದೇಶದ ಸುತ್ತಮುತ್ತಲ ಬಯಲುಗಳಲ್ಲಿ, ಇಂಥದೇ ಒಳ್ಳೆಯ ಮನಸ್ಸಿನ ಹಾನಿ ಮುಂದುವರಿಯಬಾರದೆಂಬ ಕಾರಣಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ಭೂಮಾಪನ ಇಲಾಖೆಯಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ದುಡಿದು, ಈ ಸೀಮೆಯ ಹಳ್ಳಿಗಳನ್ನು 33 ಅಡಿಯ ಸರಪಳಿ ಹಿಡಿದು ಅಳೆದವನು ನಾನು. ಬಾಂದುಕಲ್ಲು ಹುಡುಕಿಕೊಂಡು ನಡೆದಷ್ಟು ದೂರವನ್ನು ನಾನು ಬೇರೆ ಯಾವ ಕಾರಣಕ್ಕೂ ನಡೆದಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ಆಂಧ್ರದ ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಹೆಸರನ್ನೇ ಮೈದನಹಳ್ಳಿಯ ಈ ಪ್ರದೇಶಕ್ಕೆ ಇಟ್ಟಿದ್ದಾರೆ. ವರ್ಷದ ಹೆಚ್ಚಿನ ದಿನಗಳಲ್ಲಿ ನದಿಯಲ್ಲಿ ಮರಳೇ ಕಾಣುತ್ತದೆ. ಆದರೂ ಅದರ ಆಚೀಚೆಯ ದಿಣ್ಣೆಗಳು, ತಗ್ಗುಗಳು, ಕುಂಟೆಗಳು ಎಲ್ಲವೂ ಆ ನದಿಗೆ ನೀರಿಳಿಸುವ ಒಂದೇ ಮೈ ಎಂಬುದು ನಡೆದವರಿಗೆ ಕಾಲಿನಡಿಯಲ್ಲೇ ತಿಳಿಯುತ್ತದೆ.

2007ರಲ್ಲಿ ಸುಮಾರು 798 ಎಕರೆಯನ್ನು ಸರ್ಕಾರ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನಮ್ಮ ಊರುಗಳಲ್ಲಿ ಎಲ್ಲರೂ ಇವನ್ನು ಜಿಂಕೆ ಎಂದೇ ಕರೆಯುತ್ತಾರೆ. ಆದರೆ ಇದು ಕಾಡಿನ ಚುಕ್ಕೆಜಿಂಕೆಯ ಜಾತಿಯದಲ್ಲ. ಚುಕ್ಕೆಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ತಿರುಪುಗೊಂಬು ಸಾಯುವವರೆಗೂ ಉದುರುವುದಿಲ್ಲ. ಬಲಿತ ಗಂಡು ಬೆನ್ನಿನ ಮೇಲೆ ಕಪ್ಪಾಗಿ, ಹೊಟ್ಟೆಯಡಿ ಬೆಳ್ಳಗೆ ಇರುತ್ತದೆ, ಹೆಣ್ಣು ಒಣಹುಲ್ಲಿನ ಬಣ್ಣದಲ್ಲಿ ಹುಲ್ಲಿನೊಳಗೇ ಕರಗಿಹೋಗುತ್ತದೆ. ಇದು ಪೊದೆಯಲ್ಲಿ ಅವಿತು ಬದುಕುವ ಪ್ರಾಣಿಯಲ್ಲ. ದೂರದಿಂದಲೇ ಶತ್ರುವನ್ನು ಕಂಡು, ಬಯಲಿನಲ್ಲಿ ಓಡಿ ಪಾರಾಗುವುದೇ ಇದರ ಬದುಕಿನ ಕ್ರಮ. ಗಾಬರಿಗೊಂಡ ಹಿಂಡು ಒಂದರ ಹಿಂದೊಂದು ಆಳೆತ್ತರಕ್ಕೆ ಜಿಗಿಯುತ್ತ ಸಾಗುವುದನ್ನು ಒಮ್ಮೆ ನೋಡಿದವರಿಗೆ, ಈ ಪ್ರಾಣಿಗೆ ನಾವು ಕೊಡಬೇಕಾದುದು ನೆರಳಲ್ಲ, ತೆರೆದ ಬಯಲು ಎಂಬುದನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ. ಮರ ದಟ್ಟವಾದಷ್ಟೂ ಅದರ ಕಣ್ಣು ಮತ್ತು ಕಾಲು ಎರಡನ್ನೂ ನಾವು ಕಟ್ಟಿಹಾಕಿದಂತಾಗುತ್ತದೆ.

ಹಾಗಿದ್ದೂ ಸಂರಕ್ಷಿತ ಪ್ರದೇಶದೊಳಗೇ ಹಿಂದೆ ನೆಟ್ಟ ನೀಲಗಿರಿಯ ತೋಪುಗಳು ಇವೆ. ಆ ಕಾಲದಲ್ಲಿ ಹುಲ್ಲುಗಾವಲೆಂದರೆ ಏನೂ ಇಲ್ಲದ ಜಾಗವೆಂದು ಎಲ್ಲರೂ ತಿಳಿದಿದ್ದರು. ಇಲಾಖೆಯ ದಾಖಲೆಗಳ ಭಾಷೆಯೂ ಹಾಗೆಯೇ ಇತ್ತು. ಉಳುಮೆಗೆ ಬಾರದ ಭೂಮಿಗೆ ಖರಾಬು ಎಂದು ಬರೆಯುವುದು ಪದ್ಧತಿ; ಆ ಪದವನ್ನು ಸಾವಿರಾರು ಬಾರಿ ನನ್ನ ಕೈಯಾರೆ ಬರೆದಿದ್ದೇನೆ. ಕಂದಾಯದ ಲೆಕ್ಕಕ್ಕಷ್ಟೇ ಹುಟ್ಟಿದ ಪದವದು. ಆದರೆ ಕೆಟ್ಟದ್ದು ಎಂಬ ಅದರ ಅರ್ಥ ನೆಲಕ್ಕೂ ಅಂಟಿಕೊಂಡು, ಯಾವ ಯೋಜನೆ ಬಂದರೂ ಮೊದಲು ಖರಾಬು, ಗೋಮಾಳ, ಕಾವಲುಗಳ ಕಡೆಗೇ ಬೆರಳು ತೋರಿಸುವಂತಾಯಿತು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಿದೆ. ಆದ್ದರಿಂದ ಮೈದನಹಳ್ಳಿಯ ನೀಲಗಿರಿಯನ್ನು ಹಂತಹಂತವಾಗಿ ಕಡಿದು, ಬುಡ ಮತ್ತೆ ಚಿಗುರದಂತೆ ಕಿತ್ತು, ಆ ನೆಲವನ್ನು ಹುಲ್ಲಿಗೆ ಹಿಂದಿರುಗಿಸಬೇಕು. ಅದರ ಜಾಗಕ್ಕೆ ಹೊಂಗೆ, ಬೇವುಗಳಂಥ ಒಳ್ಳೆಯ ಮರಗಳನ್ನೂ ತರಬಾರದು. ಹೊಂಗೆ ಹಳ್ಳದ ದಂಡೆಯಲ್ಲಿರಲಿ, ಬೇವು ಊರ ಮುಂದಿರಲಿ.

ನಮ್ಮ ಹಿರಿಯರು ಈ ನೆಲವನ್ನು ಕಂಡ ಬಗೆ ಬೇರೆಯಾಗಿತ್ತು. ಕಾವಲು ಎಂಬ ಮಾತೇ ಹೇಳುವಂತೆ ಅದು ಕಾಯ್ದುಕೊಂಡ ಭೂಮಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಆ ದನಗಳಿಗಾಗಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆಯಾಗಿ ಗೊತ್ತುಮಾಡಿ, ಒಂದು ಮೇಯುವಾಗ ಇನ್ನೊಂದಕ್ಕೆ ಬಿಡುವು ಕೊಡುತ್ತಿದ್ದರು. ಮೈದನಹಳ್ಳಿಯ ಬಯಲು ಅಮೃತಮಹಲಿಗೆ ಸೇರಿತ್ತೆಂದು ನಾನು ಹೇಳುತ್ತಿಲ್ಲ, ಹುಲ್ಲಿಗೂ ಬಿಡುವು ಬೇಕೆಂಬ ತಿಳಿವಳಿಕೆ ಈ ನಾಡಿನಲ್ಲೇ ಇತ್ತೆಂದು ನೆನಪಿಸುತ್ತಿದ್ದೇನೆ. ಇಂದು ಜಿಲ್ಲೆಯಲ್ಲಿ ತೆರೆದ ಬಯಲು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಪಾವಗಡದ ಸೌರ ವಿದ್ಯುತ್ ಉದ್ಯಾನ ಸುಮಾರು 13,000 ಎಕರೆಯಲ್ಲಿ ಹರಡಿದೆ. 2023ರಲ್ಲಿ ಉದ್ಘಾಟನೆಯಾದ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿದೆ. ಅವುಗಳ ಅಗತ್ಯವನ್ನು ಪ್ರಶ್ನಿಸುವುದು ಈ ಪತ್ರದ ವಿಷಯವಲ್ಲ. ಉಳಿದಿರುವ 798 ಎಕರೆಯ ಬೆಲೆ ಅದರಿಂದ ಹೆಚ್ಚಿತು ಎಂಬುದಷ್ಟೇ ನನ್ನ ಮಾತು.

ಮಾರ್ಗಶಿರದ ಒಂದು ಬೆಳಿಗ್ಗೆ ಈ ಬಯಲಿನ ಅಂಚಿನ ಬಂಡಿದಾರಿಯಲ್ಲಿ ನಡೆದು ನೋಡಬೇಕು. ಎರಡು ಕಡೆ ಕತ್ತಾಳೆಯ ಬೇಲಿ, ಅದರಾಚೆ ಅವರೆಯ ಸೊಗಡು, ಬೇಲಿ ಮುಗಿದೊಡನೆ ಇಬ್ಬನಿಯಿಂದ ಬಾಗಿದ ಹುಲ್ಲು. ಗೌಜಲಹಕ್ಕಿ ತಂಗಡಿಯ ಪೊದೆಯಿಂದ ಕೂಗುತ್ತದೆ, ನೆಲಗುಬ್ಬಿ ಮೇಲೇರಿ ಹಾಡಿ ಕಲ್ಲು ಬಿದ್ದಂತೆ ಕೆಳಗಿಳಿಯುತ್ತದೆ. ದೂರದ ಶೀತದೇಶಗಳಿಂದ ಚಳಿಗಾಲಕ್ಕೆ ಬರುವ ಸೆಳೆವ ಗಿಡುಗಗಳು ಹುಲ್ಲಿನ ತುದಿ ಸವರುವಷ್ಟು ಕೆಳಗೆ ತೇಲುತ್ತ ಮಿಡತೆ, ಇಲಿಗಳನ್ನು ಹುಡುಕುತ್ತವೆ. ಬಿಲದ ಬಾಯಲ್ಲಿ ಗುಳ್ಳೆನರಿ ಬಿಸಿಲು ಕಾಯಿಸುತ್ತ ಕುಳಿತಿದ್ದರೆ ಅದು ನಮ್ಮನ್ನು ನೋಡುವ ಮೊದಲೇ ನಾವು ನಿಲ್ಲಬೇಕು. ಟಿಟ್ಟಿಭ ಗೂಡನ್ನೇ ಕಟ್ಟುವುದಿಲ್ಲ. ಬರಿಯ ನೆಲದ ಮೇಲಿಟ್ಟ ಅದರ ಚುಕ್ಕೆಮೊಟ್ಟೆಗಳು ಸುತ್ತಲಿನ ಬೆಣಚುಕಲ್ಲಿನಂತೆಯೇ ಕಾಣುತ್ತವೆ. ಹುಟ್ಟಿದ ಮೊದಲ ಕೆಲವು ದಿನ ಕೃಷ್ಣಮೃಗದ ಮರಿಯೂ ಹಾಗೆಯೇ, ತಾಯಿ ಮೇಯಲು ಹೋದಾಗ ಹುಲ್ಲಿನಲ್ಲಿ ಕದಲದೆ ಮಲಗಿರುತ್ತದೆ. ನಡೆಯುವವನ ಕಣ್ಣಿಗೆ ಇವು ಬೀಳಬಹುದು, ಹುಲ್ಲಿನ ಮೇಲೆ ಕಾರು ಓಡಿಸುವವನ ಕಣ್ಣಿಗೆ ಬೀಳುವುದಿಲ್ಲ.

ಬೆಂಗಳೂರಿನಿಂದ ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮೊದಲು ಇಲ್ಲಿಗೆ ತಲುಪಬಹುದಾದ್ದರಿಂದ, ರಜೆಯ ದಿನಗಳಲ್ಲಿ ವಾಹನಗಳು ಹೆಚ್ಚುತ್ತಿವೆ. ಹಿಂಡಿನ ಹಿಂದೆ ವಾಹನ ಓಡಿಸಿ ಚಿತ್ರ ತೆಗೆಯುವವರನ್ನು ನಾನೇ ಕಂಡು ತಡೆದಿದ್ದೇನೆ. ವಾಹನಗಳು ಊರಿನಲ್ಲೇ ನಿಲ್ಲಬೇಕು. ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನವರೊಬ್ಬರ ಜೊತೆ, ಗೊತ್ತುಪಡಿಸಿದ ದಾರಿಯಲ್ಲಿ ನಡೆದೇ ಹೋಗಬೇಕು. ಮರಿಗಳಿರುವ ಕಡೆಗೆ ಆ ದಿನಗಳಲ್ಲಿ ನಡಿಗೆಯೂ ಬೇಡ. ಊರನಾಯಿಗಳ ಮಾತನ್ನೂ ಇಲ್ಲಿ ಹೇಳಲೇಬೇಕು: ಮರಿಗಳಿಗೆ ತೋಳಕ್ಕಿಂತ ಅವುಗಳ ಕಾಟವೇ ಹೆಚ್ಚು ಎಂದು ಕುರಿಗಾಹಿಗಳು ಹೇಳುತ್ತಾರೆ, ನನ್ನ ಅನುಭವವೂ ಅದೇ.

ಈ ನಡಿಗೆಗೆ ಹೊಸ ದಾರಿ ಮಾಡುವ ಅಗತ್ಯವೇ ಇಲ್ಲ. ಪ್ರತಿ ಗ್ರಾಮದ ನಕಾಶೆಯಲ್ಲಿ ಒಂಟಿ ಚುಕ್ಕೆಸಾಲು ಕಾಲುದಾರಿಯನ್ನೂ ಜೋಡಿ ಚುಕ್ಕೆಸಾಲು ಬಂಡಿದಾರಿಯನ್ನೂ ತೋರಿಸುತ್ತದೆ. ಒಂದು ಊರಿನ ನಕಾಶೆಯ ಅಂಚಿನಲ್ಲಿ ನಿಂತ ಚುಕ್ಕೆಸಾಲು ಪಕ್ಕದ ಊರಿನ ನಕಾಶೆಯಲ್ಲಿ ಮುಂದುವರಿಯುತ್ತದೆ; ಹೀಗೆ ಹಾಳೆಗಳನ್ನು ಜೋಡಿಸಿಟ್ಟು ನೋಡಿದರೆ, ಸಂತೆಗೆ, ಜಾತ್ರೆಗೆ, ಹೊಳೆಗೆ, ಹಟ್ಟಿಗೆ ಜನ ನಡೆದ ದಾರಿಗಳ ಇಡೀ ಜಾಲವೇ ಎದ್ದುಬರುತ್ತದೆ. ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತೆಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ, ಸಾರ್ವಜನಿಕ ಬಳಕೆಗೆ ಮೀಸಲಾದ ಇಂಥ ನೆಲ ದಾಖಲೆಯಲ್ಲಿ ಬ ಖರಾಬು ಎಂದು ನಿಲ್ಲುತ್ತದೆ. ಆದರೂ ನೆಲದ ಮೇಲೆ ಈ ದಾರಿಗಳು ಬೇಲಿಯಿಂದಲೋ ಉಳುಮೆಯಿಂದಲೋ ಅಳಿಯುತ್ತಿವೆ. ದಾರಿ ಅಳಿದಲ್ಲಿ ಕುರಿ ಹಿಂಡು ಹೊಲಕ್ಕೆ ನುಗ್ಗುತ್ತದೆ, ಹೊಲದವನಿಗೂ ಕುರಿಗಾಹಿಗೂ ಜಗಳವಾಗುತ್ತದೆ, ಕೊನೆಗೆ ಕುರಿಗಳು ಮೃಗಗಳ ಹುಲ್ಲಿಗೇ ಬಂದು ಸೇರುತ್ತವೆ. ನಡೆಯುವ ದಾರಿಯನ್ನು ಉಳಿಸುವುದಕ್ಕೂ ಕೃಷ್ಣಮೃಗವನ್ನು ಉಳಿಸುವುದಕ್ಕೂ ಇರುವ ನಂಟು ಇದು.

ರೈತರ ಕಷ್ಟವನ್ನು ಬಿಟ್ಟು ಈ ಮಾತನ್ನಾಡುವುದು ನ್ಯಾಯವಲ್ಲ. ಎಳೆಯ ಕಡಲೆಗಿಡವನ್ನೂ ರಾಗಿಯ ಪೈರನ್ನೂ ಹಿಂಡು ಒಂದು ರಾತ್ರಿಯಲ್ಲಿ ಮೇದು ಹೋದರೆ, ಸಾಲ ಮಾಡಿ ಬಿತ್ತಿದವನಿಗೆ ಅದು ಸಣ್ಣ ನಷ್ಟವಲ್ಲ. ಹಾಗಿದ್ದೂ ಈ ಸುತ್ತಿನ ಊರುಗಳ ಜನ ಎಷ್ಟೋ ತಲೆಮಾರಿನಿಂದ ಇವುಗಳ ಜೊತೆ ಬದುಕಿದ್ದಾರೆ. ಇಂದು ಹಿಂಡುಗಳು ಇಲ್ಲಿ ಉಳಿದಿರುವುದೇ ಅದಕ್ಕೆ ಸಾಕ್ಷಿ. ಬೆಳೆ ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ರೈತನ ಖಾತೆಗೆ ಸೇರಬೇಕು. ನಷ್ಟದ ಅಳತೆಗೆ ಬರುವವರು ಹೊಲಕ್ಕೇ ಬಂದು ನೋಡಬೇಕು.

ಇದನ್ನೆಲ್ಲ ಕುಳಿತು ಮಾತಾಡಲು ಕಾನೂನಿನಲ್ಲೇ ಒಂದು ಚಾವಡಿ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಿತ ಪ್ರದೇಶಕ್ಕೆ ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯ ಜೊತೆಗೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆಯ ಕಡೆಯಿಂದ ಒಬ್ಬೊಬ್ಬರು ಇರಬೇಕು. ಪಂಚಾಯಿತಿಗಳು ಆ ಸ್ಥಾನಕ್ಕೆ ಕುರಿ ಕಾಯುವ ಮನೆಯವರನ್ನು ಕಳಿಸಲಿ, ಹೆಣ್ಣುಮಕ್ಕಳನ್ನೂ ಕಳಿಸಲಿ, ಏಕೆಂದರೆ ಹುಲ್ಲು ಎಲ್ಲಿ ತೆಳುವಾಗಿದೆ, ಯಾವ ಕುಂಟೆ ಯಾವ ತಿಂಗಳಿಗೆ ಬತ್ತುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಕಚೇರಿಯಲ್ಲಿ ಕುಳಿತವರಿಗೆ ಗೊತ್ತಿರುವುದಿಲ್ಲ. ಮುಂದಿನ ಮುಂಗಾರಿನಲ್ಲಿ ಸಸಿ ನೆಡಲು ಬಯಸುವ ಸಂಘ ಸಂಸ್ಥೆಗಳೂ ಶಾಲೆಗಳೂ ಮೊದಲು ಈ ಸಮಿತಿಯನ್ನೂ ಆಯಾ ಗ್ರಾಮ ಪಂಚಾಯಿತಿಯನ್ನೂ ಕೇಳಲಿ. ನೆಡುವ ಮನಸ್ಸಿರುವವರಿಗೆ ಕೆರೆ ಏರಿಯ ಕೆಳಗೆ, ಹಾಳಾದ ಗುಂಡುತೋಪುಗಳಲ್ಲಿ, ರಸ್ತೆ ಬದಿಯಲ್ಲಿ ಬೇಕಾದಷ್ಟು ಜಾಗವಿದೆ.

ಮೈದನಹಳ್ಳಿಯ ಸುತ್ತಲಿನ ಗ್ರಾಮಗಳ ನಕಾಶೆಗಳನ್ನು ಒಟ್ಟಿಗೆ ಇಟ್ಟುಕೊಂಡು, ಉಳಿದಿರುವ ಕಾಲುದಾರಿ, ಬಂಡಿದಾರಿಗಳನ್ನು ನಡೆದು ಗುರುತಿಸಿ, ತಿರುವುಗಳಲ್ಲಿ ಸುಣ್ಣ ಬಳಿದ ಕಲ್ಲು ನೆಡುವ ಕೆಲಸಕ್ಕೆ ತಾಲ್ಲೂಕು ಆಡಳಿತವೂ ಅರಣ್ಯ ಇಲಾಖೆಯೂ ಮುಂದಾದರೆ, ನನ್ನಂಥ ನಿವೃತ್ತ ಭೂಮಾಪಕರು ಸಂಬಳವಿಲ್ಲದೆ ಜೊತೆಗೆ ನಡೆಯಲು ಸಿದ್ಧರಿದ್ದೇವೆ. ಹುಲ್ಲು ಒಣಗಿ ನೆಲ ಚೆನ್ನಾಗಿ ಕಾಣುವ ಮಾಘ, ಫಾಲ್ಗುಣಗಳಲ್ಲಿ ಈ ಕೆಲಸ ಆಗಬೇಕು. ಯುಗಾದಿಯಾದ ಮೇಲೆ ಹೊಲಗಳ ಉಳುಮೆ ಶುರುವಾಗುತ್ತದೆ, ಆಗ ಇನ್ನಷ್ಟು ಚುಕ್ಕೆಸಾಲುಗಳು ನೇಗಿಲಿನಡಿ ಹೋಗುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಮಾಪಕ
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ