ಸುಸ್ತಿಗೆಲ್ಲ ವಾಕಿಂಗ್ ಮದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಸುಸ್ತಿನ ಬಗ್ಗೆ ಬಂದ ಲೇಖನ ಓದಿದೆ. ರಕ್ತ ಕಡಿಮೆ ಉಂಟಾ, ಥೈರಾಯ್ಡ್, ಶುಗರ್ ಹೇಗಿದೆ ಎಂದು ಮೊದಲು ನೋಡಿಸಿ ಎಂದದ್ದು ಸರಿ. ಆದರೆ ರಿಪೋರ್ಟ್ ಎಲ್ಲ ಸರಿ ಬಂದರೆ ‘ದಿನಾ ಬಿರುಸಾಗಿ ನಡೆಯಿರಿ, ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿ’ ಎಂದು ಕೊನೆಗೆ ಬರೆದಿದ್ದೀರಲ್ಲ, ನನ್ನ ತಕರಾರು ಅದಕ್ಕೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆಯಲ್ಲೇ ಹೊಲಿಗೆ ಮಾಡುವವಳು. 2021ರಲ್ಲಿ ಕೋವಿಡ್ ಬಂತು. ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ತುಂಬಾ ಅಲೆದ ಮೇಲೆ ಮಂಗಳೂರಿನ ಡಾಕ್ಟರೊಬ್ಬರು ಇದು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದರು. ಎಂಇ/ಸಿಎಫ್‌ಎಸ್ ಎಂದೂ ಬರೆಯುತ್ತಾರೆ. ವೈರಸ್ ಜ್ವರದ ನಂತರ ಶುರುವಾಗುವುದು ಹೆಚ್ಚು. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಪೂರ್ತಿ ಗುಣ ಮಾಡುವ ಮದ್ದೂ ಇಲ್ಲ. ಆರು ತಿಂಗಳು ದಾಟಿದ ಸುಸ್ತು, ಎಷ್ಟು ಮಲಗಿದರೂ ಆರದ ದಣಿವು, ತಲೆಗೆ ಮಂಕು, ನಿಂತರೆ ತಲೆ ತಿರುಗುವುದು ಇವನ್ನೆಲ್ಲ ಕೇಳಿಯೇ ಡಾಕ್ಟರು ಗುರುತು ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯ, ಮೈಗೋ ತಲೆಗೋ ಕೆಲಸ ಕೊಟ್ಟ ಮೇಲೆ ಕಾಯಿಲೆ ಉಲ್ಬಣಿಸುವುದು. ಅದೂ ಆಗಲೇ ಅಲ್ಲ, ಒಂದೆರಡು ದಿನ ಕಳೆದು. ಜನ ನಂಬದಿರುವುದು ಇಲ್ಲೇ.

ಕಳೆದ ಮದುವೆ ಸೀಸನ್ನಿನಲ್ಲಿ ಮದುಮಗಳ ರವಿಕೆ ಅರ್ಜೆಂಟಾಗಿ ಬೇಕೆಂದರು. ಕೂತು ಲೈನಿಂಗ್ ಹಾಕಿ, ಹುಕ್ಸ್ ಇಟ್ಟು ಕೊಟ್ಟೆ. ‘ಈಗ ಗುಣ ಆಯ್ತಲ್ವಾ’ ಎಂದು ಅವಳ ತಾಯಿ ಖುಷಿಪಟ್ಟರು. ಮರುದಿನ ಹೇಗೋ ಕಳೆಯಿತು. ಅದರ ಮರುದಿನ ಕೈ ಎತ್ತಿ ತಲೆ ಬಾಚಲು ಆಗಲಿಲ್ಲ. ಗಂಟಲು ನೋವು, ಜ್ವರ ಬರುವ ಹಾಗೆ ಮೈಕೈ ನೋವು. ಆಮೇಲೂ ಎಷ್ಟೋ ದಿನ, ಟೇಪು ಹಿಡಿದು ಅಳತೆ ತೆಗೆದರೆ ಪುಸ್ತಕಕ್ಕೆ ಬರೆಯುವಷ್ಟರಲ್ಲಿ ನಂಬರ್ ಮರೆತುಹೋಗುತ್ತಿತ್ತು. ಮದುವೆ ಮನೆಯವರು ಕಂಡದ್ದು ರವಿಕೆ ಮಾತ್ರ.

ಇಂಥವರಿಗೆ ದಿನದಿನಕ್ಕೂ ವ್ಯಾಯಾಮ ಜಾಸ್ತಿ ಮಾಡಿಸುವ ಪದ್ಧತಿ ಬ್ರಿಟನ್ನಿನಲ್ಲಿತ್ತು. ಅಲ್ಲಿನ ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆಯೇ 2007ರಲ್ಲಿ ಅದನ್ನು ಶಿಫಾರಸು ಮಾಡಿತ್ತು. 2021ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆ ಈ ಕಾಯಿಲೆಗೆ ಅದನ್ನು ಕೊಡಬೇಡಿ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯಂತೂ 1969ರಿಂದಲೇ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಸೋಮಾರಿಗಳ ಪಟ್ಟಿಗೆ ಸೇರಿಸಿದ್ದು ನಮ್ಮ ನೆಂಟರು.

ನಿಮ್ಮ ಲೇಖನವನ್ನು ನಮ್ಮ ಅತ್ತೆ ಗಟ್ಟಿಯಾಗಿ ಓದಿ ಹೇಳಿದರು. ಅವರು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾಸರಗೋಡಿನಲ್ಲಿ ನಮ್ಮ ಮನೆಗೆ ಬರುವ ಆರೋಗ್ಯದ ಚೀಟಿಗಳು ಹೆಚ್ಚಾಗಿ ಮಲಯಾಳದಲ್ಲೇ ಇರುತ್ತವೆ. ಅತ್ತೆಯಂಥವರಿಗೆ ಓದಲು ಸಿಗುವುದು ನಿಮ್ಮ ಪತ್ರಿಕೆ ಒಂದೇ. ಅದರಲ್ಲಿ ಬಂದ ಮೇಲೆ ನಾನು ಏನು ಹೇಳಿದರೂ ಅದು ನೆಪವೇ.

ಈಗ ಬಟ್ಟೆ ಕತ್ತರಿಸುವುದು ಒಂದು ದಿನ, ಹೊಲಿಯುವುದು ಇನ್ನೊಂದು ದಿನ. ಕಾಲಲ್ಲಿ ತುಳಿಯುತ್ತಿದ್ದ ಮೆಷಿನಿಗೆ ಮೋಟಾರ್ ಹಾಕಿಸಿದ್ದೇನೆ. ತರಕಾರಿ ಹೆಚ್ಚುವುದೂ ಕೂತೇ. ಸುಸ್ತಾಗುವ ಮೊದಲೇ ನಿಲ್ಲಿಸಬೇಕು ಎನ್ನುವುದು ಡಾಕ್ಟರ ಮಾತು. ಕೈ ಓಡುವ ದಿನ ಸುಮ್ನೆ ಕೂರುವುದು ಎಷ್ಟು ಕಷ್ಟ ಎಂದು ಹೊಲಿಗೆಯವರಿಗೆ ಗೊತ್ತು! ಗುಣವಾಗಿಲ್ಲ, ಆದರೆ ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾಗಿವೆ.

ನಡೆಯುವುದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಈ ಕಾಯಿಲೆ ಬಲ್ಲ ಡಾಕ್ಟರೊಬ್ಬರಿಂದ ಅದೇ ಪುಟದಲ್ಲಿ ಒಂದು ಲೇಖನ ಬರೆಸಿ. ಸುಸ್ತು ಎಂದು ಬಂದವರಿಗೆ ವಾಕಿಂಗ್ ಹೇಳುವ ಮೊದಲು ‘ಕೆಲಸ ಮಾಡಿದ ಮರುದಿನ, ಅದರ ಮರುದಿನ ಹೇಗಿರುತ್ತದೆ?’ ಎಂದು ಕೇಳಬೇಕೆಂದು ಅದರಲ್ಲಿ ಇರಲಿ.

– ಓರ್ವ ಓದುಗಿ, ಪೆರ್ಲ