ಫಿಟ್ಟಿಂಗ್ ಎಂದರೆ ಸೀಟು ಎತ್ತುವುದಷ್ಟೇನಾ?

ನಮಸ್ಕಾರ,

ಮೌಂಟನ್ ಬೈಕ್ ಮಾರುವಾಗ 'ಪೂರ್ತಿ ಬೈಕ್ ಫಿಟ್ಟಿಂಗ್', ಅಂದರೆ ಬೈಕನ್ನು ನನ್ನ ಮೈಯಳತೆಗೆ ಹೊಂದಿಸಿ ಕೊಡುವುದು, ಅಂತ ಬೇರೆಯಾಗಿ ದುಡ್ಡು ತೆಗೆದುಕೊಂಡಿದ್ದೀರಿ. ಬಿಲ್ಲಿನಲ್ಲೂ ಹಾಗೇ ಇದೆ. ನಿಮ್ಮ ಮೆಕ್ಯಾನಿಕ್ ಮಾಡಿದ್ದು ಮಾತ್ರ ಇಷ್ಟು: ನನ್ನನ್ನು ಬೈಕ್ ಪಕ್ಕ ನಿಲ್ಲಿಸಿ, ಕಣ್ಣಂದಾಜಿನಲ್ಲಿ ಸೀಟು ಎತ್ತಿ, ಕ್ಲ್ಯಾಂಪ್ ಬಿಗಿ ಮಾಡಿ, "ಆಯ್ತು, ತಗೊಂಡು ಹೋಗಿ" ಎಂದರು.

ಬೈಕ್ ಮೇಲೆ ಕೂರಿಸಿ ನೋಡಲೇ ಇಲ್ಲ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಬಾಗಿರಬೇಕು. ಅಳೆಯುವ ಸಾಧನ ಇಲ್ಲವೇ? ಹಿಮ್ಮಡಿಯನ್ನು ಪೆಡಲ್ ಮೇಲೆ ಇಡಿಸಿ ಕಾಲು ನೇರ ಆಗುತ್ತದಾ ಅಂತಾದರೂ ನೋಡಬಹುದಿತ್ತು, ಅಲ್ವಾ? ಈಗ ಸೀಟು ಎಷ್ಟು ಎತ್ತರ ಅಂದರೆ ತುಳಿದಾಗಲೆಲ್ಲ ಸೊಂಟ ಆ ಕಡೆ ಈ ಕಡೆ ಓಲಾಡುತ್ತದೆ, ಮಂಡಿಯ ಹಿಂಭಾಗ ನೋವು ಬರುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಸೀಟ್ ಪೋಸ್ಟ್ (ಸೀಟಿನ ಕಂಬ) ಮೇಲಿನ, ಕನಿಷ್ಠ ಇಲ್ಲಿವರೆಗಾದರೂ ಫ್ರೇಮಿನೊಳಗೆ ಇರಬೇಕು ಎನ್ನುವ 'ಮಿನಿಮಮ್ ಇನ್ಸರ್ಷನ್' ಗೆರೆ ಫ್ರೇಮಿನ ಹೊರಗೆ ಕಾಣುತ್ತಿದೆ. ಹಾಗೇ ಓಡಿಸಿದರೆ ಪೋಸ್ಟ್ ಮುರಿಯಬಹುದು, ಫ್ರೇಮ್ ಬಿರುಕು ಬಿಡಬಹುದು. ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ.

ಹ್ಯಾಂಡಲ್ ದೂರ ಆಗುತ್ತಿದೆ, ಕೈ ಜೋಮು ಹಿಡಿಯುತ್ತಿದೆ ಅಂತ ಫೋನ್ ಮಾಡಿದರೆ "ಸೀಟು ಮುಂದಕ್ಕೆ ಎಳ್ಕೊಳ್ಳಿ, ರೂಢಿ ಆಗುತ್ತೆ" ಎಂಬ ಉತ್ತರ. ಸೀಟು ಹಿಂದೆ ಮುಂದೆ ಮಾಡುವುದು ಕಾಲಿಗಾಗಿ, ಕೈಗಾಗಿ ಅಲ್ಲ. ಇಳಿಜಾರಿನಲ್ಲಿ ಪೆಡಲ್ ಮೇಲೆ ನಿಂತುಕೊಂಡೇ ಇಳಿಯುವುದರಿಂದ ಸೀಟು ಎಲ್ಲಿದ್ದರೂ ಹ್ಯಾಂಡಲ್ ಅಷ್ಟೇ ದೂರದಲ್ಲಿರುತ್ತದೆ. ಅದಕ್ಕೆ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಬೈಕಿಗೆ ಜೋಡಿಸುವ ತುಂಡು) ಹಾಕಿ ನೋಡಬೇಕು. ಅದೂ ಸಾಲದಿದ್ದರೆ ನೀವು ಕೊಟ್ಟ ಫ್ರೇಮ್ ಸೈಜೇ ತಪ್ಪು ಅಂತ ಅರ್ಥ. ಬ್ರೇಕ್ ಲಿವರ್ ಕೂಡ ಬೆರಳಿಗೆ ಸರಿಯಾಗಿ ಎಟಕುವುದಿಲ್ಲ. ಅದು ಒಂದು ಸಣ್ಣ ಸ್ಕ್ರೂ ತಿರುಗಿಸುವ ಕೆಲಸ.

ಇನ್ನು ಸಸ್ಪೆನ್ಷನ್. ನನ್ನ ತೂಕ ಎಷ್ಟು ಅಂತ ಯಾರೂ ಕೇಳಲಿಲ್ಲ. ತೂಕ ಗೊತ್ತಿಲ್ಲದೆ ಶಾಕ್‌ಗೆ ಎಷ್ಟು ಗಾಳಿ ಅಂತ ಹೇಗೆ ತೀರ್ಮಾನಿಸಿದಿರಿ? ಹತ್ತಿ ನಿಂತಾಗ ಹಿಂದಿನ ಶಾಕ್ ತಾನು ಕುಗ್ಗಬಲ್ಲ ಪೂರ್ತಿ ದೂರದಲ್ಲಿ 25ರಿಂದ 30 ಶೇಕಡಾ ಕುಗ್ಗಬೇಕು. ನನ್ನದರಲ್ಲಿ ಎಷ್ಟು ಕುಗ್ಗಿತು ಅಂತ ತೋರಿಸುವ ರಬ್ಬರ್ ರಿಂಗ್ ಜಾಗ ಬಿಟ್ಟು ಅಲ್ಲಾಡುವುದೇ ಕಷ್ಟ. ಕಲ್ಲು ಸಿಕ್ಕರೆ ಏಟೆಲ್ಲ ಬೆನ್ನಿಗೆ.

ಬೈಕ್ ತರುತ್ತೇನೆ, ಫಿಟ್ಟಿಂಗ್ ತಿಳಿದವರಿಂದ ಪೂರ್ತಿ ಮತ್ತೆ ಮಾಡಿಸಿ. ಮೊದಲು ಪೋಸ್ಟ್ ಬಿಚ್ಚಿ, ಅದರಲ್ಲಿ ಮತ್ತು ಫ್ರೇಮಿನಲ್ಲಿ ಬಿರುಕು ಇದೆಯಾ ನೋಡಿ. ಸೀಟಿನ ಎತ್ತರ, ಸ್ಟೆಮ್ ಉದ್ದ, ಹಿಂದಿನ ಶಾಕ್ ಮತ್ತು ಮುಂದಿನ ಚಕ್ರದ ಫೋರ್ಕ್ ಗಾಳಿಯ ಒತ್ತಡ, ಎಲ್ಲ ಬರೆದು ಕೊಡಿ. ಆಗುವುದಿಲ್ಲ ಅಂದರೆ ಫಿಟ್ಟಿಂಗ್‌ಗೆ ತೆಗೆದುಕೊಂಡ ಹಣ ವಾಪಸ್ ಮಾಡಿ. ಯಾವ ದಿನ ತರಬೇಕು ಅಂತ ಈ ಪತ್ರಕ್ಕೇ ಉತ್ತರ ಬರೆಯಿರಿ, ಫೋನ್‌ನಲ್ಲಿ ಬೇಡ.

ಇಂತಿ,
ನಿಮ್ಮ ಗ್ರಾಹಕ