ಜೆರಾಕ್ಸ್ ಅಂಗಡಿಯ ಅಣ್ಣನಿಗೆ ಥ್ಯಾಂಕ್ಸ್
ಗಾಂಧಿ ಬಜಾರ್ ಹತ್ತಿರದ ಜೆರಾಕ್ಸ್ ಅಂಗಡಿಯ ಅಣ್ಣ, ನಿಮ್ಮ ಹೆಸರು ಕೇಳೋದೇ ಮರೆತೆ.

ಅಮ್ಮನ ಚಟ್ನಿಪುಡಿ ಡಬ್ಬಿಗಳಿಗೆ ಮನೆಯಲ್ಲೇ ಲೇಬಲ್ ಪ್ರಿಂಟ್ ಮಾಡುತ್ತಿದ್ದೆ. ಮೇಲಿನ ಸಾಲು ಸರಿ. ಕೆಳಗೆ ಹೋದಂತೆ ಅಕ್ಷರ ಗೆರೆ ದಾಟುತ್ತಿತ್ತು. ಒಂಬತ್ತು ಸ್ಟಿಕ್ಕರ್ ಹಾಳೆ ದಂಡ! ಇನ್ನಷ್ಟು ಕೊಳ್ಳಲು ಬಂದವಳ ಕೈಲಿದ್ದ ಹಾಳೆ ಇಸಕೊಂಡು, ಟ್ಯೂಬ್‌ಲೈಟಿಗೆ ಹಿಡಿದು, ಎಲ್ಲಿಂದ ಜಾರಿದೆ ಅಂತ ಉಗುರಿನಲ್ಲಿ ಗೀರಿ ತೋರಿಸಿದಿರಿ. ನನ್ನ ಲ್ಯಾಪ್‌ಟಾಪಿನಲ್ಲಿ ಪೇಪರ್ ಸೈಜ್ 'ಲೆಟರ್' ಅಂತಿತ್ತು, ಅದರ ಉದ್ದ 279 ಮಿ.ಮೀ. ಹಾಳೆ ಎ4, 297. ಸೈಜನ್ನು ಎ4ಗೆ ಬದಲಿಸಿ, ಹಾಳೆಗೆ ತಕ್ಕಂತೆ ಅಳತೆ ಹಿಗ್ಗಿಸಿ ಕುಗ್ಗಿಸುವ 'ಫಿಟ್ ಟು ಪೇಜ್' ತೆಗೆದು, ಅಳತೆ 100% ಇಟ್ಟಿರಿ. ಮೊದಲು ಬಿಳಿ ಹಾಳೆಯಲ್ಲಿ ತೆಗೆದು ಸ್ಟಿಕ್ಕರ್ ಹಾಳೆ ಜೊತೆ ಬೆಳಕಿಗೆ ಹಿಡಿದು ನೋಡಿ ಅಂದಿರಿ.

ಆಮೇಲೆ, "ಎರಡೇ ಹಾಳೆ ಸಾಕು ಮೇಡಂ, ಸುಮ್ನೆ ಜಾಸ್ತಿ ತಗೋಬೇಡಿ." ಅಂಗಡಿಯವರು ಹೀಗೂ ಹೇಳ್ತಾರಾ!

ರಾತ್ರಿ ಎಲ್ಲ ಲೇಬಲ್ಲೂ ನೆಟ್ಟಗೆ ಬಂದವು. ಒಂದು ಡಬ್ಬಿ ನಿಮಗೆ ಎತ್ತಿಟ್ಟಿದ್ದೇನೆ.